ಉದ್ಯಮವಿದ್ಯೆ: ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ



ನಮ್ಮ ಪದವಿ ಕಾಲೇಜುಗಳ ವಾಣಿಜ್ಯ ಮತ್ತು ವ್ಯವಹಾರ ನಿರ್ವಹಣ ವಿಭಾಗಗಳಲ್ಲಿ ಉದ್ಯಮಶೀಲತೆಯೆಂಬ ವಿಷಯವು ಪಠ್ಯಕ್ರಮದೊಳಗೆ ಸ್ಥಾನ ಪಡೆದು ಬಹುಕಾಲವಾಯಿತು. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ಊರುಗಳಲ್ಲಿಯೂ ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳಿವೆ. 2004ರಲ್ಲಿ ಸ್ಥಾಪಿತವಾದ ತುಮಕೂರು ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ನಡೆಯುವ ಈ ಕಾಲೇಜುಗಳಿಗೆ ಸುತ್ತಲಿನ ಹಳ್ಳಿಗಳಿಂದ ಬೆಳಗಿನ ಬಸ್ಸನ್ನು ಹಿಡಿದು ಬರುವ ಹುಡುಗ ಹುಡುಗಿಯರಲ್ಲಿ ಬಹುಮಂದಿ ತಮ್ಮ ಮನೆತನದಲ್ಲಿ ಪದವಿಯ ತರಗತಿಯನ್ನು ಮೊತ್ತಮೊದಲಿಗೆ ಕಂಡವರು. ಅವರ ಕೈಯಲ್ಲಿರುವ ಪಠ್ಯಪುಸ್ತಕವು ಹೆಚ್ಚಾಗಿ ಇಂಗ್ಲಿಷಿನದು. ಅದರ ಪ್ರಥಮಾಧ್ಯಾಯದಲ್ಲಿ ಉದ್ಯಮಿಯ ಲಕ್ಷಣಗಳ ಪಟ್ಟಿ ಇರುತ್ತದೆ. ಸಾಹಸ, ದೂರದೃಷ್ಟಿ, ನಾಯಕತ್ವ, ಆತ್ಮವಿಶ್ವಾಸ, ನಷ್ಟಭಯವನ್ನು ಎದುರಿಸುವ ಧೈರ್ಯ ಎಂದು ಸಾಗುವ ಆ ಪಟ್ಟಿಯನ್ನು ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಬರೆದವರಿಗೆ ಅಂಕಗಳು ದೊರೆಯುತ್ತವೆ. ಇಷ್ಟೆಲ್ಲ ಸದ್ಗುಣಗಳೂ ಒಬ್ಬನಲ್ಲಿಯೇ ನೆಲೆಸಿದ್ದರೆ ಆತನು ವ್ಯಾಪಾರವನ್ನೇಕೆ ಮಾಡಬೇಕು, ಸಂನ್ಯಾಸಿಯಾಗಿ ಮಠವನ್ನೇ ಕಟ್ಟಬಹುದಾಗಿತ್ತಲ್ಲ ಎಂದು ಒಮ್ಮೊಮ್ಮೆ ನನಗೆ ತೋರಿದ್ದುಂಟು.

ಉದ್ಯಮವನ್ನು ತರಗತಿಯಲ್ಲಿ ಕುಳಿತು ಕಲಿಯಲು ಸಾಧ್ಯವೆ ಎಂಬ ಸಂದೇಹವು ಹೊಸದಲ್ಲ. ಎರಡನೆಯ ಮಹಾಯುದ್ಧದಿಂದ ಹಿಂದಿರುಗಿದ ತರುಣರು ಕಾಲೇಜುಗಳನ್ನು ತುಂಬಿಕೊಂಡಿದ್ದ ಕಾಲದಲ್ಲಿ, ಎಂದರೆ 1947ರ ಫೆಬ್ರವರಿಯಲ್ಲಿ, ಅಮೆರಿಕದ ಹಾರ್ವರ್ಡ್ ವಾಣಿಜ್ಯಶಾಲೆಯಲ್ಲಿ ಮೈಲ್ಸ್ ಮೇಸ್ ಎಂಬ ಪ್ರಾಧ್ಯಾಪಕರು ಹೊಸ ಉದ್ಯಮಗಳ ನಿರ್ವಹಣೆಯನ್ನು ಕುರಿತು ಪಾಠವನ್ನಾರಂಭಿಸಿದಾಗ 188 ಮಂದಿ ವಿದ್ಯಾರ್ಥಿಗಳು ಸೇರಿದರು. ಈ ಬಗೆಯ ಶಿಕ್ಷಣಕ್ಕೆ ಅದನ್ನೇ ಆದಿಯೆಂದು ಗಣಿಸುವುದು ವಾಡಿಕೆ. ಆದರೆ ನಮಗೆ ಹೆಚ್ಚು ಸಮೀಪವಾದ ನಿದರ್ಶನವು ಕಾಕಿನಾಡದ್ದು. 1964ರಲ್ಲಿ ಡೇವಿಡ್ ಮೆಕ್‌ಕ್ಲೆಲೆಂಡ್ ಎಂಬ ಮನಶ್ಶಾಸ್ತ್ರಜ್ಞರು ಆ ಊರಿನ ವ್ಯಾಪಾರಸ್ಥರನ್ನು ಹೈದರಾಬಾದಿನ ಸಣ್ಣ ಕೈಗಾರಿಕೆಗಳ ತರಬೇತಿ ಸಂಸ್ಥೆಗೆ ಕರೆಯಿಸಿ, ಸಾಧನೆಯ ಹಂಬಲವನ್ನು ಶಿಕ್ಷಣದಿಂದ ಪ್ರಚೋದಿಸಬಹುದೆ ಎಂದು ಪರೀಕ್ಷಿಸಿದರು. ತರಬೇತಿ ಪಡೆದವರು ತಮ್ಮ ಊರಿಗೆ ಹಿಂದಿರುಗಿದ ಬಳಿಕ ಇತರರಿಗಿಂತ ಹೆಚ್ಚು ಚಟುವಟಿಕೆಯಿಂದ ವ್ಯವಹಾರವನ್ನು ವಿಸ್ತರಿಸಿದರೆಂಬುದು ಆ ಪರೀಕ್ಷೆಯ ಫಲ. ವ್ಯಾಪಾರವು ಕೆಲವೇ ಕುಲಗಳಿಗೆ ರಕ್ತಗತವಾಗಿ ಬಂದದ್ದು, ಮಿಕ್ಕವರಿಗೆ ಅದು ಒಗ್ಗದು ಎಂಬ ನಂಬಿಕೆಗೆ ಬಲವಾದ ಪೆಟ್ಟು ಕೊಟ್ಟ ಈ ಪ್ರಯೋಗವನ್ನು ನಮ್ಮ ಪಠ್ಯಪುಸ್ತಕಗಳೆಲ್ಲವೂ ಸಂಭ್ರಮದಿಂದ ಉಲ್ಲೇಖಿಸುತ್ತವೆ. ಆದರೆ ಅವು ಹೇಳದೆ ಬಿಡುವ ಸಂಗತಿಯೊಂದಿದೆ. ಕಾಕಿನಾಡದಿಂದ ಹೊರಟವರು ಆ ಮೊದಲೇ ವ್ಯಾಪಾರದಲ್ಲಿದ್ದವರು. ಹೈದರಾಬಾದಿನಲ್ಲಿ ಕಲಿತದ್ದನ್ನು ಪ್ರಯೋಗಿಸಿ ನೋಡಲು ಅವರಿಗೆ ಊರಿನಲ್ಲಿ ಅಂಗಡಿಯಿತ್ತು, ಸರಕಿತ್ತು, ಗಿರಾಕಿಯಿದ್ದ. ಪಾವಗಡದ ಕಾಲೇಜಿನಿಂದ ಸಂಜೆಯ ಬಸ್ಸಿನಲ್ಲಿ ಹಿಂದಿರುಗುವ ಹುಡುಗನಿಗೆ ಅಂಗಡಿಯೆಲ್ಲಿಯದು?

ನಮ್ಮ ನಾಡಿನಲ್ಲಿಯೇ ಈ ಕೊರತೆಯನ್ನು ಅರಿತು ನಡೆದ ಪ್ರಯತ್ನಗಳಿಲ್ಲದಿಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೊಡಗೂಡಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯು, ನಿರುದ್ಯೋಗಿ ತರುಣರನ್ನು ಕೆಲವು ವಾರ ಊಟವಸತಿಗಳೊಡನೆ ಇರಿಸಿಕೊಂಡು ಒಂದು ಕಸುಬನ್ನು ಕಲಿಸಿ, ಅನಂತರವೂ ಎರಡು ವರ್ಷ ಅವರ ಬೆನ್ನಿಗೆ ನಿಲ್ಲುವ ಕ್ರಮವನ್ನು ರೂಢಿಗೆ ತಂದಿತು. ಜಿಲ್ಲೆಗೊಂದರಂತೆ ದೇಶದಲ್ಲೆಲ್ಲ ಇಂದು ಕಾಣುವ ಬ್ಯಾಂಕುಗಳ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿಗೆ ಅದೇ ಮೇಲ್ಪಂಕ್ತಿ. ಸರ್ಕಾರದ ಉದ್ಯಮಶೀಲತಾ ಅಭಿವೃದ್ಧಿ ಕೇಂದ್ರವು 1992ರಲ್ಲಿ ಧಾರವಾಡದಲ್ಲಿ ಹುಟ್ಟಿತು. ಇವೆರಡಕ್ಕೂ ಬಹು ಹಿಂದೆ, ಮೈಸೂರು ಸಂಸ್ಥಾನದಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಬ್ಯಾಂಕು ಹುಟ್ಟಿದುದು 1913ರಲ್ಲಿ, ವಿಶ್ವವಿದ್ಯಾನಿಲಯವೂ ವಾಣಿಜ್ಯೋದ್ಯಮ ಮಂಡಳಿಯೂ ಹುಟ್ಟಿದುದು 1916ರಲ್ಲಿ. ಈ ಮೂರೂ ಒಂದೇ ಸಂಸಾರದ ಮಕ್ಕಳೆಂಬ ಭಾವನೆ ಆ ಕಾಲದವರಲ್ಲಿದ್ದಿತು. ಇಂದು ಮಧುಗಿರಿಯ ಪೇಟೆಯಲ್ಲಿ ಬ್ಯಾಂಕೂ ಇದೆ, ಕಾಲೇಜೂ ಇದೆ, ವರ್ತಕರ ಮಂಡಿಗಳೂ ಇವೆ. ಒಂದರ ಹೊಸ್ತಿಲನ್ನು ಮತ್ತೊಂದು ತುಳಿಯುವುದಿಲ್ಲ.

ನನ್ನ ಅಭಿಪ್ರಾಯವಿಷ್ಟೆ: ಅಂಗಡಿಯಿಲ್ಲದ ವಿದ್ಯಾರ್ಥಿಗೆ ಕಾಲೇಜು ಕೊಡಬಹುದಾದ ಅತ್ಯಂತ ಬೆಲೆಯುಳ್ಳ ಉಪಕರಣವೆಂದರೆ ಲೆಕ್ಕ. ಮುದ್ರಿತ ಪುಸ್ತಕದ ಕಲ್ಪಿತ ವ್ಯಾಪಾರಿಯ ಜಮಾಖರ್ಚನ್ನು ನಾನು ಇಲ್ಲಿ ಹೇಳುತ್ತಿಲ್ಲ. ತನ್ನ ಬೀದಿಯಲ್ಲಿ, ತನ್ನ ಮನೆಯ ಜಗುಲಿಯಲ್ಲಿ, ಕಣ್ಣೆದುರಿಗೆ ನಡೆಯುತ್ತಿರುವ ಕಸುಬಿನ ಲೆಕ್ಕವೇ ಆಗಬೇಕು.

ಹುಣಸೆಯ ವಿಷಯವನ್ನೇ ತೆಗೆದುಕೊಳ್ಳೋಣ. ಈ ಸೀಮೆಯ ರಸ್ತೆಗಳ ಇಕ್ಕೆಲಗಳಲ್ಲಿಯೂ ಹೊಲಗಳ ಬದುಗಳಲ್ಲಿಯೂ ನಿಂತಿರುವ ಹುಣಸೆಮರಗಳನ್ನು ನೆಟ್ಟವರಾರೋ, ಫಲವನ್ನುಣ್ಣುವವರಾರೋ. ಕಾಯಿ ಇನ್ನೂ ಎಳೆಯದಾಗಿರುವಾಗಲೇ ಮರವನ್ನು ಕಣ್ಣಂದಾಜಿನಲ್ಲಿ ಅಳೆದು ಗುತ್ತಿಗೆ ಹಿಡಿಯುವವನು ಒಬ್ಬ. ಜನವರಿಯಿಂದ ಮಾರ್ಚಿಯವರೆಗೆ ಮರವೇರಿ ಕೊಂಬೆಗಳನ್ನು ಬಡಿದು ಹಣ್ಣುದುರಿಸುವವರು ಕೆಲವರು. ಅದನ್ನು ಒಣಗಿಸಿ, ಓಡು ತೆಗೆದು, ನಾರೆಳೆದು, ಕುಟ್ಟಿ ಬೀಜ ಬಿಡಿಸುವವರು ಮನೆಮನೆಯ ಹೆಂಗಸರು. ತುಮಕೂರಿನ ಮಾರುಕಟ್ಟೆಯಲ್ಲಿ ಕೊಳ್ಳುವವರು ಬೇರೆ. ಬಿಸಿಲಿನ ದಿನಗಳಲ್ಲಿ ಹಣ್ಣು ಕಪ್ಪಾಗದಂತೆ ಶೀತಲಗೃಹದಲ್ಲಿರಿಸಿ, ಬೆಲೆಯೇರುವ ತಿಂಗಳಿಗಾಗಿ ಕಾಯುವವರು ಮತ್ತೂ ಬೇರೆ. ಹುಣಸೆಹಣ್ಣಿನ ತೂಕದಲ್ಲಿ ನೂರಕ್ಕೆ ಸುಮಾರು 55 ಪಾಲು ತಿರುಳು, 34 ಪಾಲು ಬೀಜ, ಉಳಿದ 11 ಪಾಲು ಓಡು ಮತ್ತು ನಾರು ಎಂದು ಬಲ್ಲವರು ಹೇಳುತ್ತಾರೆ. ಆದುದರಿಂದ ಓಡುಸಹಿತವಾದ ಹಣ್ಣಿನ ಬೆಲೆಗೂ ಬಿಡಿಸಿದ ಹಣ್ಣಿನ ಬೆಲೆಗೂ ಅಂತರವೆಷ್ಟಿರಬೇಕೆಂಬುದನ್ನು ಬಿ.ಕಾಂ. ಮೊದಲನೆಯ ವರ್ಷದ ವಿದ್ಯಾರ್ಥಿಯೂ ಗುಣಿಸಿ ಹೇಳಬಹುದು. ಹೇಳಿದವರನ್ನು ನಾನು ಕಂಡದ್ದು ವಿರಳ.

ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಮಧುಗಿರಿ ಕಡೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಮನೆಯ ಹುಣಸೆಯ ವ್ಯವಹಾರವನ್ನೇ ಯೋಜನಾವರದಿಯಾಗಿ ಬರೆದು ತಂದಿದ್ದಳು. ಗುತ್ತಿಗೆಯ ಹಣ, ಮರ ಬಡಿದವರ ಕೂಲಿ, ಚೀಲ, ಟೆಂಪೋ ಬಾಡಿಗೆ, ಮಂಡಿಯ ಖರ್ಚು, ಎಲ್ಲವೂ ಅಂದವಾದ ಅಕ್ಷರಗಳಲ್ಲಿ ಸಾಲಾಗಿ ನಿಂತಿದ್ದವು. ಅಡಿಯಲ್ಲಿ ಕೆಂಪು ಮಸಿಯ ಗೆರೆಯೆಳೆದು ಲಾಭವನ್ನು ತೋರಿಸಿದ್ದಳು.

“ನಿಮ್ಮ ತಾಯಿಯ ಕೂಲಿಯನ್ನು ಎಲ್ಲಿ ಬರೆದಿದ್ದೀಯಮ್ಮ?” ಎಂದು ಕೇಳಿದೆ.

“ಅಮ್ಮ ಮನೇಲೇ ಕೂತ್ಕೊಂಡು ಬಿಡಿಸ್ತಾಳೆ ಸಾರ್, ಅದಕ್ಕೇನು ಕೂಲಿ?” ಎಂದಳು.

ಪಕ್ಕದ ಮನೆಯವರು ಬಿಡಿಸಿಕೊಟ್ಟರೆ ಕಿಲೋಗೆ ಎಷ್ಟು ಕೊಡುತ್ತೀರೋ ಅದೇ ದರದಲ್ಲಿ ಬರೆದು ನೋಡೆಂದು ಹೇಳಿ ಕಳುಹಿಸಿದೆ. ಮಾರನೆಯ ದಿನ ಆ ಹುಡುಗಿ ಮುಖವನ್ನು ಸಣ್ಣದು ಮಾಡಿಕೊಂಡು ಬಂದು, “ಹಂಗೆ ಬರೆದ್ರೆ ನಮ್ಗೆ ಲಾಭಾನೇ ಉಳಿಯಲ್ವಲ್ಲ ಸಾರ್” ಎಂದಳು. ವರ್ಷವೆಲ್ಲ ನಾನು ಮಾಡಿದ ಪಾಠಗಳಿಗಿಂತ ಆ ಒಂದು ಸಾಲಿನ ತಿದ್ದುಪಡಿಯಿಂದ ಅವಳು ಹೆಚ್ಚು ಕಲಿತಳು. ತಾಯಿಯ ಬೆರಳುಗಳು ಕರೆಗಟ್ಟಿ ಸವೆದುದು ಲಾಭವೆಂಬ ಹೆಸರಿನಲ್ಲಿ ಪುಸ್ತಕವನ್ನು ಹೊಕ್ಕಿದ್ದಿತು. ಹಾಗಾದರೆ ನಿಜವಾದ ಲಾಭ ಯಾರ ಪಾಲಾಗುತ್ತಿದೆ ಎಂದು ಅವಳೇ ಮುಂದುವರಿದು ಯೋಚಿಸಿ, ಮಾರ್ಚಿಯಲ್ಲಿ ಮಾರಲೇಬೇಕಾದ ನಿರ್ಬಂಧವಿಲ್ಲದವನ ಪಾಲಾಗುತ್ತಿದೆ ಎಂಬ ಉತ್ತರಕ್ಕೆ ಬಂದಳು. ಬಂಡವಾಳವೆಂದರೆ ಕಾಯುವ ಶಕ್ತಿ ಎಂದು ಅರ್ಥಶಾಸ್ತ್ರಜ್ಞರು ಹಲವು ಅಧ್ಯಾಯಗಳಲ್ಲಿ ನಿರೂಪಿಸುವ ತತ್ತ್ವವಿದು.

ಆಕೆ ಗಮನಿಸದೆ ಬಿಟ್ಟ ವಸ್ತು ಬೀಜ. ಮೂರರಲ್ಲೊಂದು ಪಾಲಿನಷ್ಟು ತೂಗುವ ಈ ಬೀಜವನ್ನು ಮಂಡಿಯವನು ಅಗ್ಗಕ್ಕೆ ಕೊಂಡೊಯ್ಯುತ್ತಾನೆ. ಅದರ ಪುಡಿಯು ಬಟ್ಟೆಯ ಕಾರ್ಖಾನೆಗಳಲ್ಲಿ ನೂಲಿಗೆ ಗಂಜಿಯಾಗಿ ಬಳಕೆಯಾಗುತ್ತದೆ. ಕಾರ್ಖಾನೆಗಳಿಗೂ ಮುಂಚಿನಿಂದ ಇದನ್ನು ಬಲ್ಲವರು ನಮ್ಮ ಕಂಬಳಿ ನೇಯುವವರು. ಕುರಿಯ ಉಣ್ಣೆಯನ್ನು ಕತ್ತರಿಸಿ, ಬಿಲ್ಲಿನಿಂದ ಹಿಂಜಿ, ನೂತು, ಹಾಸುನೂಲಿಗೆ ಹುಣಸೆಬೀಜದ ಸರಿಯನ್ನು ಬಳಿದು ಬಿಸಿಲಿನಲ್ಲಿ ಬಿಗಿದು ಒಣಗಿಸಿದ ಬಳಿಕವೇ ಅವರು ಕುಣಿಮಗ್ಗಕ್ಕಿಳಿಯುವುದು. ಶಿರಾ ಸೀಮೆಯ ಕಂಬಳಿಗಳ ಪ್ರಸ್ತಾಪವು ಹಳೆಯ ಗೆಜೆಟಿಯರುಗಳಲ್ಲಿಯೂ ಇದೆ. ಈಗ ಉಣ್ಣೆಗೆ ಬೆಲೆಯಿಲ್ಲ, ಮಾಂಸಕ್ಕಿದೆ. ಕೊರಟಗೆರೆ ತಾಲ್ಲೂಕಿನ ಅಕ್ಕಿರಾಂಪುರದ ಕುರಿಸಂತೆಯಲ್ಲಿ ಒಂದು ಬೆಳಗನ್ನು ಕಳೆದವರಿಗೆ, ಮಾಪಕವಿಲ್ಲದೆ ಬೆನ್ನು ಸೊಂಟಗಳನ್ನು ಕೈಯಿಂದ ಹಿಡಿದು ತೂಕವನ್ನು ಅಂದಾಜು ಮಾಡುವ ಗೊಲ್ಲರ ಮತ್ತು ಕುರುಬರ ನೈಪುಣ್ಯವು ಬೆರಗನ್ನುಂಟುಮಾಡುತ್ತದೆ. ಅವರ ಮಕ್ಕಳು ನಮ್ಮ ಕಾಲೇಜುಗಳಲ್ಲಿದ್ದಾರೆ. ಸಂತೆಯ ದಿನ ಗೈರುಹಾಜರಾದರೆ ಅವರಿಗೆ ಛೀಮಾರಿಯಾಗುತ್ತದೆ. ಹಾಜರಾತಿ ನಿಯಮವನ್ನು ಮುರಿಯಿರೆಂದು ನಾನು ಹೇಳಲಾರೆ. ಆದರೆ ಆ ದಿನ ಅಧ್ಯಾಪಕನೂ ಅವರೊಡನೆ ಸಂತೆಗೆ ಹೋದರೆ ನಿಯಮವನ್ನು ಮುರಿದಂತಾಗುವುದಿಲ್ಲವಷ್ಟೆ.

ಶಿರಾ ಪಟ್ಟಣದ ಪೂರ್ವವೃತ್ತಾಂತವೇ ವ್ಯವಹಾರಶಾಸ್ತ್ರದ ಒಂದು ಪಾಠಕ್ಕೆ ಸಾಕು. 1687ರಿಂದ ಎಪ್ಪತ್ತು ವರ್ಷ ಮೊಗಲರ ಸುಬಾದ, ಎಂದರೆ ಪ್ರಾಂತದ, ಕೇಂದ್ರವಾಗಿದ್ದ ಈ ಊರು, ದಿಲಾವರ್ ಖಾನನ ಆಳ್ವಿಕೆಯಲ್ಲಿ ಸುಂದರವಾದ ಅರಮನೆ ಉದ್ಯಾನಗಳಿಂದ ಮೆರೆದು, ಅನಂತರ ಕೈಯಿಂದ ಕೈಗೆ ಹೋಗಿ, ಕಡೆಗೆ ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿಗೆ ಒಯ್ಯಲ್ಪಟ್ಟ ಹನ್ನೆರಡು ಸಾವಿರ ಸಂಸಾರಗಳನ್ನು ಕಳೆದುಕೊಂಡಿತೆಂದು ರೈಸ್ ಮಹಾಶಯರ ಮೈಸೂರು ಗೆಜೆಟಿಯರಿನಲ್ಲಿದೆ. ಚೀಟಿಬಟ್ಟೆಯ ಅಚ್ಚಿನ ಕೆಲಸವೂ ಅರಗಿನ ಕೆಲಸವೂ ಕ್ರಮೇಣ ಕ್ಷೀಣಿಸಿದುವು. ದೊರೆಯ ಆಸ್ಥಾನವನ್ನೇ ಗಿರಾಕಿಯೆಂದು ನಂಬಿದ ಕಸುಬಿಗೆ ದೊರೆ ಎದ್ದುಹೋದ ದಿನವೇ ದಿವಾಳಿ. ಇಂದು ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿ ಶಿರಾವನ್ನು ಸಾಕುತ್ತಿದೆ.

ಇನ್ನು ಪಾವಗಡಕ್ಕೆ ಬರುತ್ತೇನೆ. ಇಲ್ಲಿ ತುಸು ನಿಧಾನಿಸಬೇಕು. ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿಯಲ್ಪಟ್ಟು, ಮನೆಯಲ್ಲಿ ತೆಲುಗನ್ನೂ ಶಾಲೆಯಲ್ಲಿ ಕನ್ನಡವನ್ನೂ ಆಡುವ ಈ ತಾಲ್ಲೂಕಿನ ಜನರು ತಲೆತಲಾಂತರದಿಂದ ಮಳೆಯನ್ನು ನಂಬಿ ಕಡಲೆಕಾಯಿ ಬಿತ್ತಿದವರು. ಫ್ರಾಂಕ್ ನೈಟ್ ಎಂಬ ಅರ್ಥಶಾಸ್ತ್ರಜ್ಞರು 1921ರಲ್ಲಿ ಪ್ರಕಟಿಸಿದ ಪ್ರಖ್ಯಾತ ಗ್ರಂಥವೊಂದರಲ್ಲಿ, ಅಳೆಯಬಹುದಾದ ಗಂಡಾಂತರ ಬೇರೆ, ಅಳತೆಗೆ ಸಿಕ್ಕದ ಅನಿಶ್ಚಯ ಬೇರೆ ಎಂದು ವಿಂಗಡಿಸಿ, ಎರಡನೆಯದನ್ನು ಹೊರುವವನಿಗೆ ಸಲ್ಲುವ ಪ್ರತಿಫಲವೇ ಲಾಭವೆಂದು ಪ್ರತಿಪಾದಿಸಿದರು. ಮೊದಲನೆಯದಕ್ಕೆ ವಿಮೆ ಸಿಕ್ಕೀತು, ಎರಡನೆಯದಕ್ಕೆ ಸಿಕ್ಕದು. ಜುಲೈಯಲ್ಲಿ ಬೀಜವನ್ನು ಮಣ್ಣಿಗೆ ಹಾಕಿ, ಕಾಯಿ ಕಟ್ಟುವ ಹೊತ್ತಿಗೆ ಮೋಡವನ್ನು ನೋಡುತ್ತ ನಿಂತ ರೈತನಿಗಿಂತ ದೊಡ್ಡ ಅನಿಶ್ಚಯವನ್ನು ಹೊತ್ತವರು ಯಾವ ನಗರದಲ್ಲಿದ್ದಾರೆ? ಆದರೂ ಪಠ್ಯಪುಸ್ತಕದ ಉದ್ಯಮಿಗಳ ಸಾಲಿನಲ್ಲಿ ಆತನಿಗೆ ಎಡೆಯಿಲ್ಲ. ಆತನು ಹೊತ್ತ ಅನಿಶ್ಚಯಕ್ಕೆ ಲಾಭವೂ ಬರಲಿಲ್ಲ, ಸಾಲ ಬಂದಿತು. ನೈಟ್ ಮಹಾಶಯರ ಸಿದ್ಧಾಂತವನ್ನು ಪಾವಗಡದಲ್ಲಿ ಪಾಠ ಹೇಳುವವರು ಈ ವೈಪರೀತ್ಯವನ್ನು ವಿವರಿಸದೆ ಮುಂದಕ್ಕೆ ಹೋಗಬಾರದು.

ಇದೇ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಾಲಸಮುದ್ರ ಮುಂತಾದ ಐದು ಗ್ರಾಮಗಳ ಸುಮಾರು 13,000 ಎಕರೆ ನೆಲದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಉದ್ಯಾನವು 2018ರ ಮಾರ್ಚಿಯಲ್ಲಿ ಉದ್ಘಾಟನೆಗೊಂಡು ಮರುವರ್ಷದ ಕೊನೆಗೆ ಪೂರ್ಣಗೊಂಡಿತು. ರೈತರಿಂದ ನೆಲವನ್ನು ಕೊಳ್ಳದೆ ಗುತ್ತಿಗೆಗೆ ಪಡೆದುದು ಇದರ ವೈಶಿಷ್ಟ್ಯ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ. ಬರಗಾಲದಲ್ಲಿ ಬೆಂದ ಕುಟುಂಬಗಳಿಗೆ ಮಳೆಯ ಹಂಗಿಲ್ಲದೆ ಬರುವ ಈ ಹಣವು ದೊಡ್ಡ ನೆಮ್ಮದಿ. ಅದನ್ನು ಹಗುರಾಗಿ ಕಾಣುವವರು ಆ ಬರವನ್ನು ಕಂಡವರಲ್ಲ. ನೆಲವಿಲ್ಲದೆ ಅವರ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಮಾತ್ರ ಗುತ್ತಿಗೆಯ ಪತ್ರವೂ ಇಲ್ಲ, ಕಳೆ ಕೀಳುವ ಕೆಲಸವೂ ಇಲ್ಲ.

ತರಗತಿಯ ಕಪ್ಪುಹಲಗೆಯ ಮೇಲೆ ಈ ಗುತ್ತಿಗೆಯನ್ನೇ ಲೆಕ್ಕಕ್ಕಿಳಿಸಬಹುದು. ಹತ್ತು ವರ್ಷದಲ್ಲಿ ಐದು ಸಲ ಏರಿದ ಮೇಲೆ ಎಕರೆಯ ಗುತ್ತಿಗೆ ಸುಮಾರು 26,800 ರೂಪಾಯಿ ಆಗುತ್ತದೆ. ಅದೇ ಹತ್ತು ವರ್ಷ ಅಕ್ಕಿ ಬೇಳೆ ಬಟ್ಟೆಗಳ ಬೆಲೆ ವರ್ಷಕ್ಕೆ ನೂರಕ್ಕೆ ಐದರಂತೆ ಏರಿತೆಂದು ಭಾವಿಸಿದರೆ, ಆ 26,800 ರೂಪಾಯಿಗೆ ಕೊಳ್ಳುವ ಶಕ್ತಿಯು ಮೊದಲ ವರ್ಷದ 16,450 ರೂಪಾಯಿಗಳಷ್ಟು ಮಾತ್ರ. ಅಂಕಿ ಏರುತ್ತಿರುವಾಗಲೇ ಆದಾಯ ಇಳಿಯುತ್ತಿದೆ. ಈ ಲೆಕ್ಕವನ್ನು ತಿರುಮಣಿಯ ವಿದ್ಯಾರ್ಥಿಯೊಬ್ಬನು ತಾನೇ ಮಾಡಿ ಕಂಡುಕೊಂಡನೆಂದರೆ, ಗುತ್ತಿಗೆಯ ಹಣದಲ್ಲಿ ಒಂದು ಪಾಲನ್ನು ಈಗಲೇ ಬೇರೊಂದು ದುಡಿಮೆಯಲ್ಲಿ ತೊಡಗಿಸದಿದ್ದರೆ ಮುಂದಿನ ತಲೆಮಾರಿಗೆ ಕಷ್ಟವೆಂದು ತಂದೆಗೆ ವಿವರಿಸುವ ಸಾಮರ್ಥ್ಯ ಅವನಿಗೆ ಬರುತ್ತದೆ. ಯಾವ ದುಡಿಮೆ ಎಂಬುದನ್ನು ನಾನು ಹೇಳಹೊರಟರೆ ಅದು ಉಪದೇಶವಾದೀತು. ಇದೇ ತಾಲ್ಲೂಕಿನ ವೈ.ಎನ್. ಹೊಸಕೋಟೆಯ ರೇಷ್ಮೆ ಮಗ್ಗದವರನ್ನು ಹೋಗಿ ಕೇಳಿದರೆ, ಆಂಧ್ರದ ಧರ್ಮವರದ ವ್ಯಾಪಾರಿಗಳಿಗೂ ತಮಗೂ ಇರುವ ಸಂಬಂಧವನ್ನು ಅವರು ಇನ್ನೂ ಚೆನ್ನಾಗಿ ಬಿಡಿಸಿ ಹೇಳುವರು.

ಸಾಲದ ವಿಷಯದಲ್ಲಿ ನಮ್ಮ ವಿದ್ಯಾರ್ಥಿಗಳಿಗಿರುವ ಕಲ್ಪನೆಗಳು ವಿಚಿತ್ರವಾದುವು. ಉದ್ಯಮವೆಂದರೆ ಸಬ್ಸಿಡಿ ಎಂದು ತಿಳಿದವರೇ ಬಹಳ. ಪ್ರಧಾನಮಂತ್ರಿಗಳ ಉದ್ಯೋಗಸೃಷ್ಟಿ ಯೋಜನೆಯಲ್ಲಿ ಗ್ರಾಮಾಂತರದ ಸಾಮಾನ್ಯ ವರ್ಗದವರಿಗೆ ಯೋಜನಾವೆಚ್ಚದ ನೂರಕ್ಕೆ 25, ಮಹಿಳೆಯರೂ ಪರಿಶಿಷ್ಟರೂ ಮೊದಲಾದವರಿಗೆ 35 ಪಾಲು ಸಹಾಯಧನವುಂಟೆಂಬುದು ಎಲ್ಲರಿಗೂ ಬಾಯಿಪಾಠ. ಆದರೆ ಆ ಹಣವು ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲಿಯೇ ಠೇವಣಿಯಾಗಿ ನಿಂತು, ಉದ್ಯಮವು ನಡೆಯುತ್ತಿದೆಯೆಂದು ಖಚಿತವಾದ ಮೇಲೆ ಸಾಲಕ್ಕೆ ಜಮೆಯಾಗುವುದು, ನೂರಕ್ಕೆ ಐದು ಅಥವಾ ಹತ್ತು ಪಾಲನ್ನು ತಾವೇ ಹಾಕಬೇಕು ಎಂಬ ಭಾಗವನ್ನು ಬಲ್ಲವರು ಕಡಿಮೆ. ಯೋಜನಾವರದಿಯನ್ನು ಬ್ಯಾಂಕಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಹಣ ಕೊಟ್ಟು ಬರೆಯಿಸುವ ಪದ್ಧತಿಯೂ ಇದೆ. ಹಿಟ್ಟಿನ ಗಿರಣಿಗೂ ಕುರಿಸಾಕಣೆಗೂ ಅಲ್ಲಿ ಒಂದೇ ಮಾದರಿ, ಹೆಸರನ್ನು ಬದಲಿಸಿದರಾಯಿತು. ಇದಕ್ಕೆ ಹೋಲಿಸಿದರೆ, ಸ್ತ್ರೀಶಕ್ತಿ ಯೋಜನೆ ಬಂದ 2000ನೆಯ ಇಸವಿಯಿಂದೀಚೆಗೆ ಹಳ್ಳಿಹಳ್ಳಿಗಳ ಮಹಿಳಾ ಸಂಘಗಳಲ್ಲಿ ವಾರವಾರವೂ ಉಳಿತಾಯ, ಸಾಲ, ಬಡ್ಡಿಗಳನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡು ಬಂದ ಹೆಂಗಸರು ಹಣಕಾಸಿನ ಪಾಠದಲ್ಲಿ ತಮ್ಮ ಪದವೀಧರ ಮಕ್ಕಳಿಗಿಂತ ಮುಂದಿದ್ದಾರೆ. ಅಂಥ ಒಬ್ಬ ಲೆಕ್ಕಗಾರ್ತಿಯನ್ನು ಕಾಲೇಜಿಗೆ ಕರೆಯಿಸಿ ಒಂದು ಗಂಟೆ ಪಾಠ ಹೇಳಿಸಿದರೆ ಪ್ರಾಂಶುಪಾಲರ ಘನತೆಗೇನೂ ಕುಂದು ಬಾರದು.

ಕಡೆಯದಾಗಿ ಪಂಚಾಂಗದ ಮಾತು. ಕಡಲೆಕಾಯಿ ಬಿತ್ತನೆ ಜೂನ್ ಜುಲೈಗಳಲ್ಲಿ, ಕೀಳುವುದು ಅಕ್ಟೋಬರ್ ನವೆಂಬರುಗಳಲ್ಲಿ. ಹುಣಸೆಯ ಸುಗ್ಗಿ ಜನವರಿಯಿಂದ ಮಾರ್ಚಿಯವರೆಗೆ. ವಿಶ್ವವಿದ್ಯಾನಿಲಯದ ವೇಳಾಪಟ್ಟಿಯನ್ನು ಸಿದ್ಧಪಡಿಸುವವರು ಇವನ್ನು ನೋಡಿ ಸಿದ್ಧಪಡಿಸುವುದಿಲ್ಲ, ನೋಡಬೇಕೆಂದು ಒತ್ತಾಯಿಸುವುದೂ ಸಾಧ್ಯವಿಲ್ಲ. ಆದರೆ ಉದ್ಯಮಶೀಲತೆಯ ಯೋಜನಾವರದಿಯನ್ನು ವರ್ಷದ ಯಾವ ತಿಂಗಳಿನಲ್ಲಿ ಬರೆಯಿಸಬೇಕೆಂಬುದು ಬಹುಮಟ್ಟಿಗೆ ಕಾಲೇಜಿನ ಕೈಯಲ್ಲಿಯೇ ಇರುವ ಸಂಗತಿ. ಶಿರಾದ ವಿದ್ಯಾರ್ಥಿ ಕುರಿಯ ಲೆಕ್ಕವನ್ನೂ, ಮಧುಗಿರಿಯವನು ಹುಣಸೆಯದನ್ನೂ, ಪಾವಗಡದವನು ಗುತ್ತಿಗೆಯದನ್ನೂ ಬರೆದು, ನಾಲ್ಕು ಕಾಲೇಜುಗಳವರೂ ಒಂದು ದಿನ ಕೊರಟಗೆರೆಯಲ್ಲಿ ಸೇರಿ ಪರಸ್ಪರ ಓದಿ ಹೇಳಿ, ಊರಿನ ಬ್ಯಾಂಕಿನ ಮ್ಯಾನೇಜರರನ್ನು ಎದುರಿಗೆ ಕುಳ್ಳಿರಿಸಿಕೊಂಡು ಅವರ ಪ್ರಶ್ನೆಗಳಿಗೆ ಉತ್ತರ ಕೊಡಲಿ. ಹೀಗಾದರೆ ಮೌಲ್ಯಮಾಪನ ಕಷ್ಟವಾಗುತ್ತದೆಂದು ಸಹೋದ್ಯೋಗಿಗಳು ಆಕ್ಷೇಪಿಸುವುದನ್ನು ನಾನು ಬಲ್ಲೆ. ನೂರು ವರದಿಗಳೂ ನೂರು ಬಗೆಯಾಗಿರುವಾಗ ಮಾದರಿ ಉತ್ತರವೊಂದನ್ನು ಎದುರಿಗಿಟ್ಟುಕೊಂಡು ಅಂಕ ಹಾಕಲಾಗುವುದಿಲ್ಲ, ಒಬ್ಬೊಬ್ಬರ ಲೆಕ್ಕವನ್ನೂ ಕುಳಿತು ಓದಬೇಕು. ಆ ಕೆಲಸಕ್ಕೆ ಮುಂದಾಗುವ ಅಧ್ಯಾಪಕರಿಗೆ ವಾರದಲ್ಲಿ ಎರಡು ಪೀರಿಯಡ್ಡುಗಳ ಬಿಡುವನ್ನು ದಯಪಾಲಿಸಬೇಕೆಂದು ಪ್ರಾಂಶುಪಾಲರುಗಳಲ್ಲಿ ನನ್ನ ವಿಜ್ಞಾಪನೆ.